ಹಕ್ಕಿ ಗಾಡಿ

ಹಾರನಹಳ್ಳಿಯ ನಮ್ಮ ಮನೆಯಲ್ಲಿ ಎಷ್ಟು ಕೋಣೆಗಳಿದ್ದವು ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಒಂದು ಜಾಸ್ತಿಯೇ ಹೇಳುತ್ತೇನೆ. ನಡುಮನೆ, ಅಡುಗೆಮನೆ, ಅಕ್ಕಿ ಮೂಟೆ ಪೇರಿಸುತ್ತಿದ್ದ ಒಳಕೋಣೆ, ಆಮೇಲೆ ಅಂಗಳದ ಹುಣಸೆಮರದ ಕೆಳಗೆ ನಿಲ್ಲುತ್ತಿದ್ದ ಪಿಕಪ್ಪು. ಅಪ್ಪನ ಕೈಗೆ ಬರುವ ಮುಂಚೆ ಇಬ್ಬರು ಓಡಿಸಿ ಸವೆಸಿದ್ದ ಗಾಡಿ ಅದು. ಅದರ ಮುಂದಿನ ಸೀಟಿನಲ್ಲಿ ಕೂತು ನಾನು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಮಳೆ ಹಿಡಿದುಕೊಂಡರೆ ಅವ್ವ ಮೊರ ತಂದು ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದಳು. ಸೊಸೆಯ ಮೇಲೆ ಮುನಿಸು ಬಂದ ದಿನ ಅಜ್ಜಿ ತಟ್ಟೆ ಎತ್ತಿಕೊಂಡು ಹೋಗಿ, ಬಾಗಿಲು ಹಾಕಿಕೊಂಡು ಊಟ ಮಾಡುತ್ತಿದ್ದುದೂ ಅದರೊಳಗೇ. ಸ್ಟೇರಿಂಗಿನ ಪಕ್ಕ ರೇಡಿಯೋ ಇರಬೇಕಾದ ಕಡೆ ಒಂದು ಚೌಕದ ಕಂಡಿ ಇತ್ತು. ಅದರಲ್ಲಿ ಅಪ್ಪನ ಎಲೆಅಡಿಕೆ ಚೀಲ ಇರುತ್ತಿತ್ತು. ಎಡಬಾಗಿಲಿನಲ್ಲಿ ಒಂದು ಸ್ಪೀಕರ್ ಇತ್ತು, ಕಾಗದ ಹರಿದು, ಒಳಗೆ ಜೇಡ ಬಲೆ ಕಟ್ಟಿಕೊಂಡು. ಅದನ್ನು ರಿಪೇರಿ ಮಾಡಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಆ ಗಾಡಿಗೆ ಅಪ್ಪನ ಗಂಟಲಿತ್ತು.

ನಮ್ಮ ಕಡೆಯ ಹೊಲಗಳಲ್ಲಿ ಹೊಗೆಸೊಪ್ಪು, ರಾಗಿ, ಜೋಳ. ಅನ್ನ ಬೇಕೆಂದರೆ ಕೆ.ಆರ್. ನಗರದ ಕಡೆಗೆ ಮುಖ ಮಾಡಬೇಕು. ಅಪ್ಪ ಅಲ್ಲಿನ ಮಿಲ್ಲಿನಲ್ಲಿ ಅಕ್ಕಿ ತುಂಬಿಕೊಂಡು ಬಂದು ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ, ಹುಣಸೂರು ದಾಟಿ ಕೋಟೆ ತಾಲ್ಲೂಕಿನ ಬೀಚನಹಳ್ಳಿಯವರೆಗೂ ಬೀದಿ ಬೀದಿ ಮಾರುತ್ತಿದ್ದ. ಊರ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಒಂದು ಕಾಲು ಕೆಳಗಿಟ್ಟು, "ಅಕ್ಕೀಯೋ, ನಗರದಕ್ಕೀ" ಎಂದು ಕೂಗಿದರೆ ಮೂರು ಬೀದಿಗೆ ಕೇಳುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಐದು ಬೀದಿ ಎಂದು ಅಪ್ಪನೇ ತಿದ್ದುತ್ತಿದ್ದ. ಗಾಡಿ ಹೊರಡುವ ಮುಂಚೆ ಅಜ್ಜಿ ಒಂದು ಹಿಡಿ ಅಕ್ಕಿ ತಂದು ಬಾನೆಟ್ಟಿನ ಮೇಲೆ ಚೆಲ್ಲುವುದು ನಮ್ಮ ಮನೆಯ ಪದ್ಧತಿ. ಹುಣಸೆಮರದ ಗುಬ್ಬಿಗಳು ಇಳಿದು ಅದನ್ನು ಹೆಕ್ಕುವವರೆಗೆ ಅಪ್ಪ ಗಾಡಿ ಸ್ಟಾರ್ಟ್ ಮಾಡುತ್ತಿರಲಿಲ್ಲ. ಮೊದಲ ಗಿರಾಕಿ ಅವೇ ಎಂಬುದು ಅಜ್ಜಿಯ ಲೆಕ್ಕಾಚಾರ.

ಆಗ ನಾನು ಮೂರನೇ ಕ್ಲಾಸಿನಲ್ಲಿದ್ದೆ, ನಾಲ್ಕನೆಯದೂ ಇರಬಹುದು. ಡೈರಿ ಬರೆಯಲು ಶುರುಮಾಡಿದ್ದು ಕಾಲೇಜು ಸೇರಿದ ಮೇಲೆ. ಅದಕ್ಕಿಂತ ಹಿಂದಿನದಕ್ಕೆ ನನ್ನ ಬಳಿ ನೆನಪಿನ ಹೊರತು ಸಾಕ್ಷಿಯಿಲ್ಲ, ಆ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದೂ ಇಲ್ಲ. ಆದರೆ ಶಾಲೆಗೆ ಹೊಸ ಮಿಸ್ಸು ಬಂದದ್ದು ಖಂಡಿತ. ಒಂದು ದಿನ ಅವರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಪಾಠ ಓದಿಸಿದರು. ಪುಸ್ತಕದಲ್ಲಿ "ಹಕ್ಕಿ ಗೂಡು ಕಟ್ಟಿತು" ಎಂದಿತ್ತು. ನಾನು "ಅಕ್ಕಿ ಗೂಡು ಕಟ್ಟಿತು" ಎಂದು ಓದಿದೆ. ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹಕಾರ ಹತ್ತುತ್ತಿರಲಿಲ್ಲ. ಹಾಲು ಆಲು, ಹೋಗು ಓಗು, ಹಾರನಹಳ್ಳಿ ಆರ್ನಳ್ಳಿ. "ಅಕ್ಕಿ ಗೂಡು ಕಟ್ಟಿದರೆ ಅನ್ನಕ್ಕೆ ಏನು ಇಡ್ತೀಯಮ್ಮ?" ಎಂದರು ಮಿಸ್ಸು. ಕ್ಲಾಸು ನಕ್ಕಿತು. ನಾನು ಮನೆಗೆ ಬಂದು, ಎಲ್ಲರೂ ಊಟಕ್ಕೆ ಕೂತಾಗ ಅಪ್ಪಣೆ ಹೊರಡಿಸಿದೆ.

"ಇನ್ನು ಮೇಲೆ ಯಾರೂ ಅಕ್ಕಿ ಅನ್ಬಾರ್ದು. ಹಕ್ಕಿ ಅನ್ಬೇಕು. ಓಗು ಅನ್ಬಾರ್ದು, ಹೋಗು."

"ನಂಗೆ ಎರಡೂ ಅಕ್ಕಿನೇ ಕಣೆ ಕೂಸೇ," ಎಂದಳು ಅಜ್ಜಿ. "ಒಂದು ನಾವು ತಿನ್ನದು, ಒಂದು ನಮ್ದು ತಿಂದೋಗದು."

ಅಪ್ಪ ಮಾತ್ರ ನಗಲಿಲ್ಲ. ಎತ್ತಿದ ಮುದ್ದೆಯ ತುತ್ತನ್ನು ತಟ್ಟೆಯಲ್ಲೇ ಇಟ್ಟು, "ಸುಮ್ಕಿರವ್ವ, ಓದೋ ಕೂಸು ಯೋಳ್ತಾ ಐತೆ," ಎಂದು ತಾಯಿಯ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದ. "ಇನ್ನೊಂದ್ಸಲ ಯೋಳವ್ವ. ಯಾವ್ಯಾವ್ದು ಎಂಗೆಂಗೆ ಅನ್ಬೇಕು?" ನಾನು ಮತ್ತೆ ಹೇಳಿದೆ. ಅವನು ಪಾಠ ಒಪ್ಪಿಸಿಕೊಳ್ಳುವವನಂತೆ ತಲೆದೂಗಿದ.

ಅಪ್ಪನ ದನಿ ಹೋದದ್ದು ಅದೇ ವರ್ಷ. ಮೊದಲು ತಗಡು ಉಜ್ಜಿದಂತಾಯಿತು, ಆಮೇಲೆ ಅರ್ಧ ಮಾತಿಗೆ ಬರೀ ಗಾಳಿ. ಮೈಸೂರಿನ ಆಸ್ಪತ್ರೆಯಲ್ಲಿ ಗಂಟಲಿನ ಒಳಗಿದ್ದ ಗಂಟು ತೆಗೆದರು. ಕೆಲವು ವಾರ ಬಾಯೇ ಬಿಡಬಾರದು, ಪಿಸುಮಾತೂ ಆಡಬಾರದು, ಇನ್ನು ಕೂಗುವ ಕೆಲಸವನ್ನಂತೂ ಜನ್ಮದಲ್ಲಿ ಮಾಡಬಾರದು ಎಂದು ಹೇಳಿ ಕಳಿಸಿದರು. ಅಪ್ಪ ಮನೆಗೆ ಬಂದವನೇ ನನ್ನ ಸ್ಲೇಟು ತೆಗೆದುಕೊಂಡ. ಮಾತೆಲ್ಲ ಅದರ ಮೇಲೆ. ಅವ್ವನಿಗೆ ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತಿತ್ತು, ಹಾಗಾಗಿ ಅಪ್ಪ ಬರೆದದ್ದನ್ನು ನಾನು ಓದಿ ಹೇಳಬೇಕು. ಅವರಿಬ್ಬರ ಜಗಳದಲ್ಲಿ ಅಪ್ಪನ ಪಾಲು ನನ್ನ ಬಾಯಿಂದಲೇ ಹೊರಡುತ್ತಿತ್ತು.

ಜಗಳಕ್ಕೆ ಕಾರಣವಿತ್ತು. ಅಪ್ಪ ಬರೀ ಹಾರನ್ನು ಹೊಡೆದುಕೊಂಡು ಎರಡು ಸಲ ಸುತ್ತು ಹೋಗಿ ಬಂದಿದ್ದ. ಯಾವುದೋ ಗಾಡಿ ಎಂದುಕೊಂಡು ಜನ ಹೊರಗೇ ಬರಲಿಲ್ಲ. ತುಂಬಿಕೊಂಡು ಹೋದ ಮೂಟೆ ಹಾಗೆಯೇ ವಾಪಸು ಬಂದು ಒಳಕೋಣೆಯಲ್ಲಿ ಸೂರು ಮುಟ್ಟಿತು. ಇನ್ನೊಂದು ತಿಂಗಳು ಹೀಗೇ ಆದರೆ ಹುಳ ಬೀಳುತ್ತಿತ್ತು.

"ಗಾಡಿ ಮಾರ್ಬುಡಿ," ಎಂದಳು ಅವ್ವ. "ದನಿ ಇಲ್ದೋರಿಗೆ ಬೀದಿ ವ್ಯಾಪಾರ ಯಾಕೆ? ಒಲ ಐತೆ, ಉತ್ಕೊಂಡು ತಿನ್ನಾನ."

ಅಪ್ಪ ಬರೆದ. ನಾನು ಓದಿದೆ: "ಗಾಡೀಗೆ ದನಿ ಹಾಕುಸ್ತೀನಿ. ನಿನ್ನ ಟೇಪು ಕೊಡು!"

"ನೀನ್ಯಾಕೆ ಅಂಗೆ ಕಿರುಚ್ತೀಯೆ? ಅವ್ರು ಮೆಲ್ಲಗೆ ಬರ್ದವ್ರೆ," ಎಂದು ಅವ್ವ ನನ್ನ ತಲೆಗೆ ಒಂದು ಮೊಟಕಿದಳು.

ಟೇಪು ಎಂದರೆ ನಡುಮನೆಯ ಗೋಡೆಗೂಡಿನಲ್ಲಿದ್ದ ಟೇಪ್ ರೆಕಾರ್ಡರು. ಅವ್ವ ತವರಿನಿಂದ ತಂದದ್ದು. ಕಸೂತಿ ಹಾಕಿದ ಬಟ್ಟೆ ಹೊದೆದು, ದೇವರ ಪಟದಷ್ಟೇ ಮರ್ಯಾದೆಯಿಂದ ಕೂತಿರುತ್ತಿತ್ತು. ಅದರೊಳಗೆ ಒಂದೇ ಒಂದು ಕ್ಯಾಸೆಟ್ಟು: ಅವ್ವನ ಮದುವೆಯಲ್ಲಿ ಅವಳ ತಾಯಿ ಹೇಳಿದ ಸೋಬಾನೆ ಪದಗಳು. ತಾಯಿ ತೀರಿಕೊಂಡಿದ್ದಳು. ಶುಕ್ರವಾರ ಮನೆ ಸಾರಿಸಿದ ಮೇಲೆ ಅವ್ವ ಅದನ್ನು ಹಾಕಿ ಕೇಳುತ್ತಿದ್ದಳು, ಕೇಳುವಾಗ ಯಾರೂ ಮಾತಾಡುವಂತಿರಲಿಲ್ಲ.

"ನಮ್ಮವ್ವನ ದನಿ ಮೇಲೆ ನಿಮ್ಮ ಅಕ್ಕಿ ಸುರಿಯಾಕೆ ನಾನು ಒಪ್ಪಾಕಿಲ್ಲ."

ಅಪ್ಪ ಸ್ಲೇಟು ಒರೆಸಿ ಬರೆದ. ಈ ಸಲ ನಾನೂ ಮೆಲ್ಲಗೆ ಓದಿದೆ: "ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು ಖಾಲಿ ಐತೆ ಕಣಮ್ಮಿ."

ಎರಡು ದಿನ ಅವ್ವ ಸ್ಲೇಟಿನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ಬೆಳಗ್ಗೆ ಗೋಡೆಗೂಡು ಖಾಲಿಯಿತ್ತು. ಟೇಪ್ ರೆಕಾರ್ಡರು ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು, ಪಿಕಪ್ಪಿನ ಮುಂದಿನ ಸೀಟಿನಲ್ಲಿ, ಪ್ರಯಾಣಕ್ಕೆ ಹೊರಟ ಮದುಮಗಳ ಹಾಗೆ ಕೂತಿತ್ತು.

ಬಿಳಿಕೆರೆಯಲ್ಲಿ, ಮೈಸೂರಿನ ರಸ್ತೆಯ ಬದಿಗೆ, ರಫೀಕಣ್ಣನ ತಗಡಿನ ಅಂಗಡಿ. ಲಾರಿ, ಟ್ರ್ಯಾಕ್ಟರುಗಳಿಗೆ ವೈರಿಂಗು ಮಾಡುವುದು, ಹಬ್ಬ ಹರಿದಿನಕ್ಕೆ ಮೈಕು ಬಾಡಿಗೆ ಕೊಡುವುದು ಅವನ ಕಸುಬು. ಸ್ಲೇಟು ಓದಲು ನಾನೂ ಹೋಗಿದ್ದೆ. ಈ ದಿನದ ನೆನಪು ಮಾತ್ರ ನನ್ನದೇ ಎಂದು ಗಟ್ಟಿಯಾಗಿ ಹೇಳಬಲ್ಲೆ, ಏಕೆಂದರೆ ಬೆಸುಗೆಯ ಹೊಗೆಯ ವಾಸನೆ ಇನ್ನೂ ಮೂಗಿನಲ್ಲಿದೆ. ವಾಸನೆಯನ್ನು ಬೇರೆಯವರು ಹೇಳಿ ಕೊಡಲಾಗುವುದಿಲ್ಲ. ರಫೀಕಣ್ಣ ಎಲೆಅಡಿಕೆ ಚೀಲವನ್ನು ಕಂಡಿಯಿಂದ ತೆಗೆದು ಅಪ್ಪನ ಕೈಗೆ ಕೊಟ್ಟು, ಆ ಜಾಗದಲ್ಲಿ ಒಂದು ಆಂಪ್ಲಿಫೈಯರ್ ಕೂರಿಸಿದ. ಸೀಟಿನ ಪಕ್ಕ ಹಲಗೆ ಹೊಡೆದು ಅವ್ವನ ಟೇಪನ್ನು ಬೆಲ್ಟಿನಲ್ಲಿ ಕಟ್ಟಿದ. ತಲೆಯ ಮೇಲೆ, ಗಾಡಿಯ ಮಾಡಿಗೆ, ಉಮ್ಮತ್ತಿ ಹೂವಿನಂಥ ದೊಡ್ಡ ಬಾಯಿಯ ಸ್ಪೀಕರ್. ಎಲ್ಲ ಕೂಡಿಸಿ ಸ್ವಿಚ್ಚು ಹಾಕಿದರೆ ಸೋಬಾನೆಗಿಂತ ಮುಂಚೆ "ಕುಂಯ್" ಎಂಬ ಸದ್ದು ಬಂತು. ಅಪ್ಪ ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರುತ್ತಿತ್ತು.

"ಗಾಡಿ ಅಳ್ತಾ ಐತೆ ಗೌಡ್ರೆ," ಎಂದ ರಫೀಕಣ್ಣ. "ಅರ್ಥ್ ಸರಿ ಸಿಕ್ಕಿಲ್ಲ. ಒಂದೊಂದು ವೈರು ಒಂದೊಂದು ಕಡೆ ಕಾಲು ಊರಿದ್ರೆ ಇಂಗೇ. ಎಲ್ಲಾದಕ್ಕೂ ಒಂದೇ ಕಡೆ ನೆಲ ಸಿಗ್ಬೇಕು."

ಅವನು ಗಾಡಿಯ ಅಡಿಗೆ ತೂರಿ, ಚಾಸಿಯ ಒಂದು ಕಡೆ ಹಳೇ ಬಣ್ಣವನ್ನೆಲ್ಲ ಕಬ್ಬಿಣ ಹೊಳೆಯುವಂತೆ ಕೆರೆದು, ಎಲ್ಲ ವೈರುಗಳನ್ನೂ ಅಲ್ಲಿಗೇ ತಂದು ಒಂದೇ ಬೋಲ್ಟಿಗೆ ಬಿಗಿದ. ಕುಂಯ್ ಸದ್ದು ನಿಂತಿತು. ನನ್ನ ಅಜ್ಜಿ, ನಾನು ಕಂಡೇ ಇರದ ಅವ್ವನ ತಾಯಿ, ಬಿಳಿಕೆರೆಯ ಬಸ್ಸುಗಳ ಮೇಲೆ ದನಿಯೆತ್ತಿ ಹಾಡಿದಳು. ಟೀ ಅಂಗಡಿಯಲ್ಲಿದ್ದವರು ಲೋಟ ಹಿಡಿದೇ ತಿರುಗಿದರು.

"ಕೂಗಿದ್ದು ರೆಕಾರ್ಡ್ ಮಾಡಾಕೆ ಇಲ್ಲಿ ಬ್ಯಾಡ, ಬಸ್ಸಿನ ಗಲಾಟೆ," ಎಂದ ರಫೀಕಣ್ಣ. "ಮನೇಲಿ ಮೂಟೆ ಮಧ್ಯೆ ಕೂತು ಮಾಡಿ. ಮೂಟೆ ಸದ್ದು ಕುಡಿತದೆ, ದನಿ ಒಂದೇ ಉಳಿತದೆ. ಯಾರ ದನಿ ಗೌಡ್ರೆ?"

ಅಪ್ಪ ಸ್ಲೇಟಿನಲ್ಲಿ ಬರೆದು ನನಗೆ ಕೊಡದೆ ನೇರವಾಗಿ ಅವನಿಗೇ ತೋರಿಸಿದ. ನಾನು ಕತ್ತು ಚಾಚಿ ನೋಡಿದೆ. "ನನ್ನ ಮಗಳದು. ಓದ್ದೋಳು."

ಒಳಕೋಣೆಯಲ್ಲಿ ಮೂಟೆಗಳ ನಡುವೆ ಒಂದು ಗೂಡಿನಷ್ಟು ಜಾಗ ಮಾಡಿ, ಬೆಲ್ಟು ಬಿಚ್ಚಿ ಟೇಪನ್ನು ಒಳಗೆ ತಂದಿಟ್ಟು, ನನ್ನನ್ನು ಕೂರಿಸಿದರು. ಬಾಗಿಲಲ್ಲಿ ಅವ್ವ, ಸೊಂಟದ ಮೇಲೆ ಕೂಸಾಗಿದ್ದ ತಮ್ಮ ಮಾದೇವ. ಎದುರಿಗೆ ಅಪ್ಪ. ಕ್ಯಾಸೆಟ್ಟು ಮುಗಿಯುವವರೆಗೂ ಒಂದೇ ಕೂಗನ್ನು ಹೇಳುತ್ತಲೇ ಇರಬೇಕಿತ್ತು, ಬಾಯಿ ಒಣಗಿ ನಾಲಗೆ ಅಂಟಿಕೊಂಡಿತು. ಅಲ್ಲಿ ಇನ್ನೇನು ನಡೆಯಿತೆಂದು ನನಗೆ ನೆನಪಿಲ್ಲ. ನೆನಪಿದ್ದದ್ದು ಒಂದೇ, ಅದೂ ಎಲ್ಲರಿಗೂ ನೆನಪಿದ್ದದ್ದು: ಅಕ್ಕಿ ಮೂಟೆಗಳ ನಡುವೆ ಕೂತು ನಾನು ಕ್ಯಾಸೆಟ್ಟಿನ ತುಂಬ ಹಕ್ಕಿ, ಹಕ್ಕಿ ಎಂದಿದ್ದೆ. ಮನೆಯಲ್ಲಿ ಯಾರಿಗೂ ಅದು ತಪ್ಪೆನ್ನಿಸಲಿಲ್ಲ. ಪುಸ್ತಕದ ಮಾತು ಹೀಗೇ ಇರುತ್ತದೆ ಎಂದುಕೊಂಡಿರಬೇಕು. ಅವ್ವ ಕ್ಯಾಸೆಟ್ಟಿನ ಕಿಟಕಿಯ ಮೇಲೆ ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆದು, ತಿರುಗಿ ಸುತ್ತುವಾಗ ಇದರ ಹಿಂದಕ್ಕೆ ಹೋಗಬಾರದು ಎಂದು ಅಪ್ಪನಿಗೆ ತಾಕೀತು ಮಾಡಿದಳು. ಅದೂ ರಫೀಕಣ್ಣ ಹೇಳಿಕೊಟ್ಟ ಏನೋ ಉಪಾಯ ಎಂದುಕೊಂಡೆ.

ಮೊದಲ ಸುತ್ತಿನಲ್ಲಿ ಅಪ್ಪ ಬೀಚನಹಳ್ಳಿಗೆ ಹೋದ. ಅಲ್ಲಿನ ಅಣೆಕಟ್ಟೆಯ ಕ್ವಾರ್ಟರ್ಸಿನ ಮಕ್ಕಳು ಗಿಣಿ ಬಂತು, ಪಾರಿವಾಳ ಬಂತು ಎಂದು ಗಾಡಿಯ ಹಿಂದೆ ಓಡಿದವು. ಕಾಡಂಚಿನ ಊರು, ಹಕ್ಕಿ ಮಾರುವ ಗಾಡಿ ಬಂದಿದೆ ಎಂದು ಸುದ್ದಿ ಹೋಗಿ, ಅರಣ್ಯದ ಗಾರ್ಡೊಬ್ಬ ಸೈಕಲ್ ಅಡ್ಡ ಹಾಕಿ ಗಾಡಿ ನಿಲ್ಲಿಸಿದ. ಟಾರ್ಪಾಲು ಎತ್ತಿದ. ಮೂಟೆಗೆ ಕಿವಿಯಿಟ್ಟು ಕೇಳಿದ. ಒಂದು ಮೂಟೆಯನ್ನು ಕೋಲಿನಿಂದ ತಿವಿದು, ಒಳಗಿನಿಂದ ಯಾರಾದರೂ ಕೂಗುತ್ತಾರೇನೋ ಎಂದು ಕಾದ. ಅಕ್ಕಿ ಸುರಿಯಿತು. ಮೀಸೆ ತಿರುವುತ್ತ ಅಪ್ಪನನ್ನೂ ಸ್ಪೀಕರನ್ನೂ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಮೀಸೆಯ ತುದಿಯ ಸುರುಳಿಯೂ ನನಗೆ ನೆನಪಿದೆ. "ನೀನೆಲ್ಲಿದ್ದೆ ಅಲ್ಲಿ? ಇಸ್ಕೂಲಿಗೆ ಓಗಿದ್ದೆ," ಎನ್ನುತ್ತಾಳೆ ಅವ್ವ. ಎಷ್ಟೋ ವರ್ಷ ಈ ವಿಷಯಕ್ಕೆ ಅವಳೊಂದಿಗೆ ವಾದ ಮಾಡಿದ್ದೇನೆ. ಕೊನೆಗೆ ಒಂದು ದಿನ ಡೈರಿಯಲ್ಲಿ ಅದನ್ನು ಬರೆಯಲು ಕೂತಾಗ ಹೊಳೆಯಿತು: ನನ್ನ ನೆನಪಿನ ಗಾರ್ಡು ಒಂದು ಮಾತನ್ನೂ ಆಡುವುದಿಲ್ಲ. ಅವನಿಗೆ ದನಿಯೇ ಇಲ್ಲ. ನಾನು ಕಂಡದ್ದು ಆ ಸಂಜೆ ನಡುಮನೆಯಲ್ಲಿ, ಮಾತಾಡಬಾರದ ಅಪ್ಪ, ಅವ್ವನ ಸೆರಗಿನ ತುದಿಯನ್ನು ಮೀಸೆ ಮಾಡಿಕೊಂಡು ಅಭಿನಯಿಸಿದ ಗಾರ್ಡನ್ನು.

ಆ ಸಂಜೆ ಮನೆಯೆಲ್ಲ ಉರುಳಾಡಿ ನಕ್ಕಿತು. ನಾನು ಮಾತ್ರ ಮೂಟೆಗಳ ಹಿಂದೆ ಹೋಗಿ ಅತ್ತೆ. ಟೇಪು ಅಳಿಸಿ, ಮತ್ತೆ ಸರಿಯಾಗಿ ಹೇಳುತ್ತೇನೆ ಎಂದೆ. ಅಪ್ಪ ಸ್ಲೇಟು ಹಿಡಿದು ಬಂದು ಪಕ್ಕದಲ್ಲಿ ಕೂತ. "ಚೆನ್ನಾಗೈತೆ. ಇರ್ಲಿ," ಎಂದಷ್ಟೇ ಬರೆದಿದ್ದ. ಅಕ್ಕಿಯೆಲ್ಲ ಮಾರಿ ಗಾಡಿ ಬರಿದಾಗಿ ಬಂದಿತ್ತು ನಿಜ. ಗಾರ್ಡು ಕೂಡ ಒಂದು ಚೀಲ ಕೊಂಡಿದ್ದನಂತೆ. ಮುಂದಿನ ವಾರದಿಂದ ಯಾವ ಊರಿಗೆ ಹೋದರೂ "ಹಕ್ಕಿ ಗಾಡಿ ಬಂತು" ಎಂದು ಜನ ಹೊರಗೆ ಬರತೊಡಗಿದರು. ಗಾಡಿ ಮಾರುವ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ. ಹಿಂದಿನ ಹಲಗೆಯ ಮೇಲೆ ಅಪ್ಪ ಒಂದು ಗುಬ್ಬಿಯ ಚಿತ್ರ ಬರೆಸಿದ. ಶಾಲೆಯಲ್ಲಿ ನನ್ನ ಹೆಸರೂ ಹಕ್ಕಿಯಾಯಿತು. ನಾನು ಅದನ್ನು ವ್ಯಾಪಾರಕ್ಕಾಗಿ ಅಪ್ಪ ನನ್ನ ಮೇಲೆ ಹೊರಿಸಿದ ಹೊರೆ ಎಂದುಕೊಂಡೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದುವಾಗ ಮೇಷ್ಟರೊಬ್ಬರು, ಹಕಾರ ಬಿಡುವವರು ಅದನ್ನು ತಿದ್ದಿಕೊಳ್ಳಲು ಹೋಗಿ ಇಲ್ಲದ ಕಡೆಯೂ ಸೇರಿಸುತ್ತಾರೆ ಎಂದು ವಿವರಿಸಿ ಉದಾಹರಣೆ ಕೇಳಿದರು. ನನ್ನಷ್ಟು ಒಳ್ಳೆಯ ಉದಾಹರಣೆ ಆ ಕ್ಲಾಸಿನಲ್ಲಿ ಇನ್ನಾರ ಬಳಿಯೂ ಇರಲಿಲ್ಲ. ನಾನು ತಲೆ ತಗ್ಗಿಸಿ ನೋಟ್ಸು ಬರೆದುಕೊಂಡೆ.

ಅಪ್ಪ ಈಗಿಲ್ಲ. ದನಿ ಅರ್ಧ ಮರಳಿತ್ತು, ಆದರೆ ಕೊನೆಯವರೆಗೂ ಅವನು ಕೂಗಲಿಲ್ಲ. ಗಾಡಿ ಮಾದೇವನ ಕೈಯಲ್ಲಿದೆ. ಹೋದ ತಿಂಗಳು ಅವನು ಅದಕ್ಕೆ ಹೊಸ ಸೆಟ್ಟು ಹಾಕಿಸಲು ಹೊರಟ: ನೀಲಿ ದೀಪದ್ದು, ಪೆನ್‌ಡ್ರೈವಿನದು, ಫೋನಿನಿಂದಲೂ ಹಾಡುವಂಥದು. "ಅಕ್ಕ, ನೀನೂ ಬಾ. ಇನ್ನೊಂದ್ಸಲ ಸರಿಯಾಗಿ ಯೋಳ್ಬುಡು, ಅಳೇ ಕ್ಯಾಸೆಟ್ಟು ಸವ್ದೋಗದೆ," ಎಂದ. ನಾನು ಹೋದೆ. ನಿಜ ಹೇಳಬೇಕೆಂದರೆ, ಆ ತಪ್ಪನ್ನು ಕೊನೆಗೂ ಅಳಿಸುವ ಆಸೆಯಿಂದಲೇ ಹೋದೆ.

"ಓಹೋ, ಹಕ್ಕಿ ಬಂತು," ಎಂದ ರಫೀಕಣ್ಣ. ಗಡ್ಡ ಬೆಳ್ಳಗಾಗಿದೆ, ಅಂಗಡಿಗೆ ಗೋಡೆ ಬಂದಿದೆ. ಅವನು ಮೊದಲು ಗಾಡಿಯ ಅಡಿಗೆ ತೂರಿ ಅಂದಿನ ಬೋಲ್ಟನ್ನು ಮುಟ್ಟಿ ನೋಡಿದ. "ಅಲುಗಿಲ್ಲ ಕಣೋ ಮಾದೇವ. ಹೊಸದನ್ನೂ ಇದಕ್ಕೇ ಕಟ್ತೀನಿ." ಆಮೇಲೆ ಹಳೆಯ ದನಿಯದೂ ಪೆನ್‌ಡ್ರೈವಿನಲ್ಲಿ ಒಂದು ಕಾಪಿ ಇರಲಿ ಎಂದು ಕ್ಯಾಸೆಟ್ಟನ್ನು ತನ್ನ ಯಂತ್ರಕ್ಕೆ ಹಾಕಿ, ಕೆಂಪು ಗೆರೆಯ ವಿಷಯ ಗೊತ್ತಿಲ್ಲದೆ, ಪೂರ್ತಿ ಹಿಂದಕ್ಕೆ ಸುತ್ತಿ ಒತ್ತಿದ.

ಮೊದಲು ಬಾಗಿಲು ಕಿರುಗುಟ್ಟಿತು. ಆಮೇಲೆ ಒಂದು ಪುಟ್ಟ ಹುಡುಗಿಯ ದನಿ: "ಅಕ್ಕಂದಿರೇ, ಅಮ್ಮಂದಿರೇ, ಕೆ.ಆರ್. ನಗರದ ಹೊಸ ಅಕ್ಕಿ ಬಂದಿದೆ." ಸ್ಪಷ್ಟವಾಗಿ, ಸರಿಯಾಗಿ. ಅಕ್ಕಿ. ಅದರ ಹಿಂದೆಯೇ ಒಡೆದ ಪಿಸುದನಿ.

"ಅಂಗಲ್ಲ ಕಣವ್ವ. ಹಕ್ಕಿ."

"ಅದು ಬೇರೆ ಅಪ್ಪ."

"ಯಾವ್ದು ಬೇರೆ? ನೀನೇ ಯೋಳಿದ್ದಲ್ಲ ಊಟಕ್ಕೆ ಕೂತಾಗ, ಅಕ್ಕಿ ಅನ್ಬಾರ್ದು ಅಂತ. ಮಿಸ್ಸು ಯೋಳ್ಕೊಟ್ಟಂಗೆ ಯೋಳು. ನಮ್ಮಂಗೆ ಬ್ಯಾಡ. ನನ್ನ ಮಗಳು ಎಂಗೆ ಮಾತಾಡ್ತಾಳೆ, ಊರೂರೂ ಕೇಳ್ಲಿ."

ದೂರದಿಂದ ಅವ್ವ: "ಬಾಯ್ ಬುಡಬ್ಯಾಡಿ ಅಂದವ್ರೆ ಡಾಕ್ಟ್ರು!"

ಟೇಪು ಸರಿಯುವ ಸದ್ದು. ಆಮೇಲೆ ಹುಡುಗಿ "ಸರಿ" ಎನ್ನುತ್ತಾಳೆ. ಆಮೇಲೆ ಹಕ್ಕಿ, ಹಕ್ಕಿ, ಹಕ್ಕಿ.

ರಫೀಕಣ್ಣನಿಂದ ಆ "ಸರಿ"ಯನ್ನು ಮೂರು ನಾಲ್ಕು ಸಲ ಹಾಕಿಸಿ ಕೇಳಿದೆ. ಅಪ್ಪ ಹೇಳಿದ್ದನ್ನು ನಂಬಿ ಹಾಗೆಂದೆನೇ, ಗೊತ್ತಿದ್ದೂ ಅವನಿಗಾಗಿ ಹಾಗೆಂದೆನೇ, ತಿಳಿಯಲಿಲ್ಲ. ಗೊತ್ತಿತ್ತು ಎಂದು ಬರೆದುಬಿಡಲು ಈಗ ಆಸೆಯಾಗುತ್ತಿದೆ, ಆದ್ದರಿಂದಲೇ ಬರೆಯುವುದಿಲ್ಲ. ಆದರೆ ಅಪ್ಪನ ಬಾಯಿಯ ಆ ಒಂದು ಹಕಾರ ನನ್ನ ಕಲ್ಪನೆಯಲ್ಲ. ನಮ್ಮ ವಂಶದಲ್ಲಿ ಯಾರಿಗೂ ಒಲಿಯದ ಅಕ್ಷರ, ದನಿ ಸತ್ತ ಗಂಟಲಿನಲ್ಲಿ ಅಷ್ಟು ಸಲೀಸಾಗಿ ಬಂದಿತ್ತು. ಬರೀ ಉಸಿರಲ್ಲವೇ ಅದು.

ಅಲ್ಲಿಂದಲೇ ಅವ್ವನಿಗೆ ಫೋನು ಮಾಡಿದೆ. "ಗೆರೆ ನಾನೇ ಎಳ್ದಿದ್ದು," ಎಂದಳು. "ಡಾಕ್ಟ್ರು ಬ್ಯಾಡ ಅಂದ್ರೂ ಮಾತಾಡವ್ರೆ ಅಂತ ಊರೆಲ್ಲ ಗೊತ್ತಾಗ್ಬೇಕಾ?"

"ಇಷ್ಟು ವರ್ಷ ಊರೆಲ್ಲ ನನ್ನ ನೋಡಿ ನಗ್ತಿತ್ತಲ್ಲವ್ವ?"

"ನಗ್ತಿತ್ತಾ? ಚೀಲ ಇಡ್ಕೊಂಡು ಬತ್ತಿತ್ತು ಕಣೆ."

ಮಾದೇವ ಹೊಸ ಮೈಕು ನನ್ನ ಕಡೆ ಚಾಚಿದ. ಬೇಡವೆಂದೆ. "ಗೆರೆಯಿಂದ ಮುಂದಕ್ಕೆ ಹಾಕ್ಲಾ?" ಎಂದು ಕೇಳಿದ ರಫೀಕಣ್ಣ. "ಮೊದಲಿಂದ ಹಾಕಿ," ಎಂದೆ.

ಗಾಡಿ ರಸ್ತೆಗಿಳಿಯಿತು. ಬಸ್‌ಸ್ಟಾಪಿನ ಮುಂದೆ ಮಾದೇವ ಸ್ವಿಚ್ಚು ಒತ್ತಿದ. ನಮ್ಮ ಮನೆಯ ಬಾಗಿಲು ಬಿಳಿಕೆರೆಯ ನಟ್ಟನಡುವೆ ಕಿರುಗುಟ್ಟಿತು. ಹುಡುಗಿ ಕೂಗಿದಳು. ಆಮೇಲೆ ಅಪ್ಪನ ಪಿಸುಮಾತು, ಎಳೆ ಎಳೆಯಾಗಿ, ಎದುರಿನ ಅಂಗಡಿಗಳಿಗೆ ಬಡಿದು ಹಿಂದಕ್ಕೆ ಬಂತು. ಐದು ಬೀದಿಗಾದರೂ ಕೇಳಿರಬೇಕು. ಬಸ್ಸಿಗೆ ಕಾದಿದ್ದ ಮುದುಕಿಯೊಬ್ಬಳು ಗಾಡಿಯ ಕಿಟಕಿಯ ಹತ್ತಿರ ಬಂದು ಬಗ್ಗಿದಳು.

"ಯಾರವ್ವ ಅದು, ಕೂಸಿಗೆ ಯೋಳ್ಕೊಡ್ತಾ ಇರೋದು?"

"ನಮ್ಮಪ್ಪ ಕಣಜ್ಜಿ," ಎಂದೆ. "ಹಕ್ಕಿ ಮಾರೋರು."